ಕಾಲು ತುಂಡು ಆಸ್ಪಿರಿನ್

ದೆಹಲಿಯ ಒಂದು ಸರ್ಕಾರಿ ಡಿಸ್ಪೆನ್ಸರಿಯ ಔಷಧದ ಕೌಂಟರಿನ ಹಿಂದೆ ನಾನು ಇಪ್ಪತ್ತೊಂಬತ್ತು ವರ್ಷ ನಿಂತಿದ್ದೇನೆ. ನಿಂತಿದ್ದೇನೆ ಎನ್ನುವುದನ್ನು ಇದ್ದ ಹಾಗೇ ತೆಗೆದುಕೊಳ್ಳಿ. ಕುರ್ಚಿ ಬೇಕೆಂದು ನಾನು ಕೊಟ್ಟ ಇಂಡೆಂಟು ನಿವೃತ್ತಿಯ ದಿನದವರೆಗೂ ಪರಿಶೀಲನೆಯಲ್ಲೇ ಇತ್ತು, ಬಹುಶಃ ಈಗಲೂ ಇದೆ. ಹೆಸರು ವಿಮಲಾ. ಊರು ಚಿತ್ರದುರ್ಗ. ಓದಿದ್ದು ಫಾರ್ಮಸಿ ಡಿಪ್ಲೊಮಾ. ಗಂಡನಿಗೆ ಒಂದು ಮಂತ್ರಾಲಯದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತೆಂದು ಅವರ ಹಿಂದೆ ದೆಹಲಿಗೆ ಬಂದೆ, ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದೆ, ಆಮೇಲೆ ನನಗೂ ಕೆಲಸ ಸಿಕ್ಕಿತು. ಈಗ ಇಬ್ಬರೂ ಪಿಂಚಣಿದಾರರಾಗಿ ಪೀತಮ್‌ಪುರದಲ್ಲಿ ಒಬ್ಬರ ಬಿ.ಪಿ. ಮಾತ್ರೆಯನ್ನು ಇನ್ನೊಬ್ಬರು ನೆನಪಿಸಿಕೊಂಡು ಕಾಲ ಹಾಕುತ್ತಿದ್ದೇವೆ.

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಮೇಘನಾ ಎಂಬ ಹುಡುಗಿ ಗುರುಗ್ರಾಮದ ದೊಡ್ಡ ಆಸ್ಪತ್ರೆಯೊಂದರ ಔಷಧ ವಿಭಾಗಕ್ಕೆ ಹೊಸದಾಗಿ ಸೇರಿದ್ದಾಳೆ. ಮೊನ್ನೆ ಕಾಫಿಗೆ ಬಂದವಳು ಕೇಳಿದಳು.

"ಆಂಟಿ, ನಮ್ಮಲ್ಲಿ ತಪ್ಪು ಮಾತ್ರೆ ತೆಗೆದ್ರೆ ಸ್ಕ್ಯಾನರ್ ಕೂಗತ್ತೆ. ನಿಮ್ಮ ಕಾಲದಲ್ಲಿ ಏನ್ ಮಾಡ್ತಿದ್ರಿ?"

"ನಮ್ಮ ಕಾಲದಲ್ಲಿ ರೋಗಿ ವಾಪಸ್ ಬಂದು ಕೂಗ್ತಿದ್ದ. ಕೂಗೋಕೆ ಬಂದ ಅಂದ್ರೆ ಬದುಕಿದಾನೆ ಅಂತ ನಮಗೆ ಸಮಾಧಾನ," ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಏಕೆಂದರೆ ಎಂಟು ವರ್ಷದ ಹುಡುಗಿಯೊಬ್ಬಳು ಸಾಯುವುದರಲ್ಲಿದ್ದದ್ದು ನಾನು ಕೊಟ್ಟ ತಪ್ಪು ಮಾತ್ರೆಯಿಂದ ಅಲ್ಲ, ನಾನು ಆಡಿದ ಸರಿಯಾದ ಮಾತಿನಿಂದ. ಅದನ್ನು ಕಂಡು ಕೂಗುವ ಯಂತ್ರ ಮೇಘನಾಳ ಆಸ್ಪತ್ರೆಗೂ ಇನ್ನೂ ಬಂದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ನನ್ನ ಬಡ್ತಿಗಳ ವಿಷಯ ಬಿಡಿ. ಎರಡು ಬಂದವು, ಎರಡು ಸಲವೂ ಹುದ್ದೆಯ ಹೆಸರು ಉದ್ದವಾಯಿತು, ಕೌಂಟರ್ ಅದೇ ಇತ್ತು.

ಮೊದಲನೆಯದಾಗಿ, ಈ ಕೆಲಸದಲ್ಲಿ ನಿಮ್ಮನ್ನು ಯಾರೂ ಫಾರ್ಮಸಿಸ್ಟ್ ಎಂದು ಕರೆಯುವುದಿಲ್ಲ. ಕಂಪೌಂಡರ್ ಎನ್ನುತ್ತಾರೆ. ಡಾಕ್ಟರು ಬರೆದದ್ದನ್ನು ಕೊಡುವುದಷ್ಟೇ ನಮ್ಮ ಪಾಲಿನದು ಎಂದು ಜನ ತಿಳಿದಿದ್ದಾರೆ, ಆದರೆ 'ಸ್ಟಾಕ್ ಇಲ್ಲ' ಎನ್ನುವ ಅಧಿಕಾರ ನಮ್ಮದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾನು ಇಪ್ಪತ್ತೊಂಬತ್ತು ವರ್ಷ ಪೂಜಾರಿಯ ಜಾಗದಲ್ಲಿ ನಿಂತು ಅನುಭವಿಸಿದ್ದೇನೆ. ನಿಜ ಹೇಳಬೇಕೆಂದರೆ ಅದರಲ್ಲಿ ಒಂದಿಷ್ಟು ಸುಖವೂ ಇದೆ.

ಆ ಕಪಾಟುಗಳಲ್ಲಿ ನನಗೆ ಹೆಚ್ಚು ಪರಿಚಯವಾದದ್ದು ಒಂದೇ ಮನೆತನ. ಸ್ಯಾಲಿಸಿಲಿಕ್ ಆಮ್ಲ ಮತ್ತು ಅದರ ಮಕ್ಕಳು. ಹಿರಿಯನಾದ ಆಮ್ಲ ಒರಟ. ಚರ್ಮವನ್ನು ಕೆರೆದು ಎಬ್ಬಿಸುವುದೇ ಅವನ ಕಸುಬು. ಮುಲಾಮಿನಲ್ಲಿ ಕಲಸಿ ಆಣಿಗೆ, ಗಜಕರ್ಣಕ್ಕೆ ಹಚ್ಚಲು ಕೊಡುತ್ತಿದ್ದೆವು. ಅವನಿಗೆ ಮೀಥೈಲ್ ಸೇರಿಸಿದರೆ ಘಮಘಮ ಎನ್ನುವ ನೋವಿನ ಎಣ್ಣೆ. ಸೊಂಟ ಹಿಡಿದವರು ಅದನ್ನು ತಿಕ್ಕಿಕೊಂಡು ಬಂದರೆ ಇಡೀ ಕ್ಯೂಗೆ ಗೊತ್ತಾಗುತ್ತಿತ್ತು. ಅಸಿಟೈಲ್ ಸೇರಿಸಿದರೆ ಆಸ್ಪಿರಿನ್. ಇವನೊಬ್ಬ ಹೊಟ್ಟೆಯ ಒಳಗೆ ಹೋಗಿ ಕೆಲಸ ಮಾಡುವಷ್ಟು ನಯ ಕಲಿತವನು. ನಾನು ಕೆಲಸಕ್ಕೆ ಸೇರಿದಾಗ ಜ್ವರಕ್ಕೆ, ತಲೆನೋವಿಗೆ, ಮೈಕೈ ನೋವಿಗೆ ಎಲ್ಲಕ್ಕೂ ಅವನೇ. ಆಮೇಲೆ ಜ್ವರದ ಖಾತೆಯನ್ನು ಪ್ಯಾರಾಸಿಟಮಾಲ್ ಕಿತ್ತುಕೊಂಡಿತು. ಆಸ್ಪಿರಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಹೃದಯದ ಖಾತೆಗೆ ವರ್ಗ ಮಾಡಿದರು. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು ಅಲ್ಲಿ ಅವನ ಕೆಲಸ. ವರ್ಗಾವಣೆಯ ಆದೇಶ ಡಾಕ್ಟರುಗಳಿಗೆ ತಲುಪಿತು, ನಮಗೂ ತಲುಪಿತು. ಮನೆಮನೆಯ ಅಜ್ಜಿಯರಿಗೆ ಪ್ರತಿ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮುಲಾಮಿನದೊಂದು ಕಥೆ ಹೇಳಿಬಿಡುತ್ತೇನೆ. ಒಬ್ಬ ದೊಡ್ಡ ಅಧಿಕಾರಿಯ ಕಾಲಿಗೆ ಆಣಿಯಾಗಿತ್ತು. ದೊಡ್ಡ ಅಧಿಕಾರಿಗಳು ಆಣಿಗೆಲ್ಲ ತಾವೇ ಬರುವುದಿಲ್ಲ, ಪಿ.ಎ.ಯನ್ನು ಕಳಿಸುತ್ತಾರೆ. ಪಿ.ಎ.ಗೆ ನಾನು "ಬರೀ ಆಣಿಯ ಮೇಲೆ, ಅಕ್ಕಿಕಾಳಿನಷ್ಟು" ಎಂದು ಹಿಂದಿಯಲ್ಲಿ ಎರಡು ಸಲ ಹೇಳಿದೆ. ಅವನು ಸಾಹೇಬರಿಗೆ ಏನು ಹೇಳಿದನೋ, ಸಾಹೇಬರು ತಮ್ಮ ದರ್ಜೆಗೆ ತಕ್ಕ ಹಾಗೆ ಇಡೀ ಅಂಗಾಲಿಗೆ ಬಳಿದುಕೊಂಡು ಮೇಲೆ ಕಾಲುಚೀಲ ಹಾಕಿಕೊಂಡರು. ನಾಲ್ಕು ದಿನದಲ್ಲಿ ಅಂಗಾಲಿನ ಸಿಪ್ಪೆ ಸುಲಿಯಿತು. ಅವರು ಹವಾಯಿ ಚಪ್ಪಲಿಯಲ್ಲಿ ಮೀಟಿಂಗಿಗೆ ಹೋದರು, ನಮಗೆ ಮೆಮೊ ಬಂತು. ನಮ್ಮ ಇನ್‌ಚಾರ್ಜ್ ಡಾಕ್ಟರ್ ಸಾಹೇಬರು ಅದಕ್ಕೆ ಕೊಟ್ಟ ಉತ್ತರವನ್ನು ನಾನೇ ಟೈಪ್ ಮಾಡಿಸಿದೆ. 'ಸದರಿ ಮುಲಾಮು ತೃಪ್ತಿಕರವಾಗಿ ಕಾರ್ಯ ನಿರ್ವಹಿಸಿರುವುದು ಕಂಡುಬಂದಿದೆ' ಎಂಬುದು ಅದರ ಸಾರ. ಕಡತ ಮುಚ್ಚಿತು.

ಈ ಇನ್‌ಚಾರ್ಜ್ ಸಾಹೇಬರನ್ನು ನೀವು ಪರಿಚಯ ಮಾಡಿಕೊಳ್ಳಬೇಕು. ಕೆಟ್ಟವರಲ್ಲ. ರೋಗಿಗಳನ್ನು ಬಯ್ಯುತ್ತಿರಲಿಲ್ಲ, ಲಂಚ ಮುಟ್ಟುತ್ತಿರಲಿಲ್ಲ. ಕಾಗದದ ಮೇಲೆ ಇಲ್ಲದ ಯಾವುದೂ ಜಗತ್ತಿನಲ್ಲಿ ಇಲ್ಲ ಎಂಬ ಒಂದೇ ಸಿದ್ಧಾಂತವನ್ನು ನಂಬಿ ಬದುಕಿದವರು. ಅವರನ್ನು ಅದಕ್ಕಾಗಿ ನಾನು ಬೇಕಾದಷ್ಟು ಆಡಿಕೊಂಡಿದ್ದೇನೆ. ಮುಂದೆ ಓದುವಾಗ ಇದು ನೆನಪಿರಲಿ.

ಎರಡು ಸಾವಿರದ ದಶಕದ ನಡುವಿನ ಒಂದು ಮಳೆಗಾಲ. ಹೃದಯದವರಿಗೆ ಕೊಡುವ ಸಣ್ಣ ಆಸ್ಪಿರಿನ್ ಮಾತ್ರೆಗಳು ಆಗ ನಮಗೆ ಸಾವಿರದ ಡಬ್ಬಿಗಳಲ್ಲಿ ಬರುತ್ತಿದ್ದವು. ಸ್ಟೋರಿನ ಗೋಡೆಗೆ ತೇವ ಹಿಡಿದಿತ್ತು. ಒಂದು ಡಬ್ಬಿ ತೆರೆದರೆ ಉಪ್ಪಿನಕಾಯಿಗೆ ಹಾಕುವ ವಿನಿಗರ್ ವಾಸನೆ ಹೊಡೆಯಿತು. ಆಸ್ಪಿರಿನ್ ತೇವಕ್ಕೆ ಸಿಕ್ಕರೆ ಒಡೆದು ಮತ್ತೆ ಒರಟು ಆಮ್ಲವಾಗುತ್ತದೆ, ಜೊತೆಗೆ ಬಿಡುಗಡೆಯಾಗುವುದು ವಿನಿಗರ್‌ನ ಹುಳಿ. ಮೂಗಿದ್ದವರಿಗೆ ಇಷ್ಟು ಸಾಕು. ನಾನು ಡಬ್ಬಿ ಹಿಡಿದು ಸಾಹೇಬರ ಬಳಿ ಹೋದೆ.

ಅವರು ವಾಸನೆ ನೋಡಲಿಲ್ಲ, ಲೇಬಲ್ ನೋಡಿದರು. "ಎಕ್ಸ್‌ಪೈರಿ ಮುಂದಿನ ವರ್ಷ ಹೈ, ಮೇಡಂ. ಖರಾಬ್ ಕೈಸೇ ಹೋ ಸಕ್ತಾ ಹೈ?" ಎಂದರು. ಮುಂದಿನ ವರ್ಷದವರೆಗೆ ಕೆಡಲು ಅದಕ್ಕೆ ಅನುಮತಿ ಇಲ್ಲ ಎಂಬುದು ಅವರ ವಾದ.

ಪಕ್ಕದ ಶಾಲೆಯ ರಸಾಯನಶಾಸ್ತ್ರದ ಟೀಚರಿಂದ ಒಂದು ಶೀಶೆ ಫೆರಿಕ್ ಕ್ಲೋರೈಡ್ ತಂದೆ. ಮಾತ್ರೆಯನ್ನು ಪುಡಿ ಮಾಡಿ, ಸ್ಪಿರಿಟಿನಲ್ಲಿ ಕರಗಿಸಿ, ಅವರ ಮೇಜಿನ ಮೇಲೆಯೇ ಒಂದು ಹನಿ ಬಿಟ್ಟೆ. ಒಳ್ಳೆಯ ಆಸ್ಪಿರಿನ್ ಇದಕ್ಕೆ ಜಗ್ಗುವುದಿಲ್ಲ. ಒಡೆದು ಆಮ್ಲವಾಗಿದ್ದರೆ ನೇರಳೆ ಬಣ್ಣ ಬರುತ್ತದೆ. ರೇಷ್ಮೆ ಸೀರೆಯ ಅಂಚಿನಂಥ ನೇರಳೆ ಬಂತು. ಸಾಹೇಬರು ಬಗ್ಗಿ ನೋಡಿ, "ಬಹುತ್ ಸುಂದರ್," ಎಂದರು. ಆಮೇಲೆ ಮೂವರ ಸಮಿತಿ ರಚಿಸಿದರು.

ಸಮಿತಿ ಸೇರುವ ತನಕ ಡಬ್ಬಿಗಳನ್ನು ನಾನು ಬೀಗ ಹಾಕಿ ಇಟ್ಟೆ. ಅದೊಂದು ನಾನು ಮಾಡಿದ ಒಳ್ಳೆಯ ಕೆಲಸ, ಹೊಗಳಿಕೊಳ್ಳಲು ಬೇರೆ ಹೆಚ್ಚು ಇಲ್ಲದ್ದರಿಂದ ಬರೆಯುತ್ತಿದ್ದೇನೆ. ಆದರೆ ಇದರಿಂದ ಸಣ್ಣ ಮಾತ್ರೆ ಮುಗಿದುಹೋಯಿತು. ಮೇಲಿನವರನ್ನು ಕೇಳಿದ್ದಕ್ಕೆ, ಹಳೆಯ ದೊಡ್ಡ ಮಾತ್ರೆ ಬೇಕಾದಷ್ಟಿದೆ, ನಾಲ್ಕು ತುಂಡು ಮಾಡಿ ಕೊಡಿ ಎಂದು ಉತ್ತರ ಬಂತು. ಮುನ್ನೂರು ಮಿಲಿಗ್ರಾಮಿನ ಒಂದು ಮಾತ್ರೆಯನ್ನು ನಾಲ್ಕು ಮಾಡಿದರೆ ಎಪ್ಪತ್ತೈದರ ನಾಲ್ಕು. ಲೆಕ್ಕ ಸರಿ. ಕತ್ತರಿಸುವವಳು ನಾನು.

ಹೊಸದಾಗಿ ಬಂದವರಿಗೆ ಈ ವಿದ್ಯೆ ಗೊತ್ತಿರಲಿಕ್ಕಿಲ್ಲ. ಅರ್ಧ ಬ್ಲೇಡು, ಕೆಳಗೊಂದು ಮಣೆ, ಮಾತ್ರೆಯ ನಡುವಿನ ಗೆರೆಗೆ ಬ್ಲೇಡು ಇಟ್ಟು ಹೆಬ್ಬೆರಳಿನಿಂದ ಒಂದೇ ಒತ್ತು. ಅರ್ಧವಾಗುವುದು ಸುಲಭ. ಅರ್ಧವನ್ನು ಕಾಲು ಮಾಡುವಾಗ ಒಂದು ಪಾಲು ಅಣ್ಣನದು, ಇನ್ನೊಂದು ತಮ್ಮನದು ಆಗುತ್ತದೆ. ನಿವೃತ್ತ ಅಧಿಕಾರಿಗಳು ಪೊಟ್ಟಣ ಬಿಚ್ಚಿ, ಕನ್ನಡಕ ಏರಿಸಿ, "ಮೇಡಂ, ಯೇ ಪೀಸ್ ಛೋಟಾ ಹೈ" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ತುಂಡುಗಳನ್ನು ರದ್ದಾದ ಫಾರಂಗಳನ್ನು ಹರಿದು ಮಾಡಿದ ಪೊಟ್ಟಣದಲ್ಲಿ ಕಟ್ಟಿ, ಮೇಲೆ 'ದಿನಕ್ಕೆ ಒಂದು ತುಂಡು, ಊಟದ ನಂತರ' ಎಂದು ಬರೆಯುತ್ತಿದ್ದೆ. ಮಾತ್ರೆಯ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಹೆಸರು ಬರೆದರೆ ರೋಗಿಗಳು ಪ್ರಶ್ನೆ ಕೇಳುತ್ತಾರೆ ಎಂಬುದು ಸಾಹೇಬರ ಅಭಿಪ್ರಾಯ.

ಹೆಸರು ಬರೆಯದಿದ್ದರೂ ಪ್ರಶ್ನೆ ಕೇಳುವವರು ಇದ್ದರು. ನಮ್ಮ ಕನ್ನಡದವರೇ ಆದ ವೆಂಕಟರಮಣಯ್ಯನವರು ಅಧೀನ ಕಾರ್ಯದರ್ಶಿಯಾಗಿ ನಿವೃತ್ತರಾದವರು, ಒಂದು ಸಲ ಹೃದಯಾಘಾತ ಆಗಿತ್ತು. ಸೊಸೆ ಜ್ಯೋತಿಗೆ ಸರ್ಕಾರಿ ಕೆಲಸ, ಅವಳ ಹೆಸರಿನ ಕ್ವಾರ್ಟರ್ಸಿನಲ್ಲೇ ಎಲ್ಲರೂ ಇದ್ದರು. ಮಗ ಹೊರ ರಾಜ್ಯದಲ್ಲಿ ಪೋಸ್ಟಿಂಗಿನಲ್ಲಿದ್ದ. ಮೊಮ್ಮಗಳನ್ನು ಎಲ್ಲರೂ ಪಿಂಕಿ ಎನ್ನುತ್ತಿದ್ದರು. ಪ್ರತಿ ತಿಂಗಳು ಒಂದನೆಯ ತಾರೀಖು ಯಜಮಾನರ ಔಷಧ ಒಯ್ಯಲು ಅವರ ಹೆಂಡತಿ ಗಿರಿಜಮ್ಮ ಬರುತ್ತಿದ್ದರು. ಕ್ಯೂನಲ್ಲಿ ನಿಂತು ನನ್ನೊಡನೆ ಕನ್ನಡ ಮಾತಾಡುವುದು ಅವರಿಗೆ ತಿಂಗಳಿಗೊಂದು ಹಬ್ಬ. ನನಗೂ ಹಾಗೇ.

ತುಂಡು ಮಾತ್ರೆ ಮೊದಲ ಸಲ ಕೊಟ್ಟ ದಿನ ಗಿರಿಜಮ್ಮ ಪೊಟ್ಟಣ ಬಿಚ್ಚಿ ನೋಡಿದರು. ಕೌಂಟರಿನ ಮೇಲೆ ಇನ್ನೂ ಕತ್ತರಿಸದ ಮಾತ್ರೆಗಳಿದ್ದವು.

"ವಿಮಲಾ ಅವರೇ, ಇದು ನಾವು ಹಿಂದೆ ಜ್ವರಕ್ಕೆ ತಗೋತಿದ್ದ ಮಾತ್ರೆ ಥರಾನೇ ಇದೆಯಲ್ಲ?"

"ಥರಾ ಏನು ಬಂತು, ಅದೇ ಮಾತ್ರೆ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗೊತ್ತಿದ್ದದ್ದನ್ನು ಹೇಳಿ ತೋರಿಸಲು ಕೌಂಟರಿನಲ್ಲಿ ವರ್ಷಕ್ಕೊಮ್ಮೆ ಅವಕಾಶ ಸಿಗುತ್ತದೆ. ಒಂದು ಮರದ ತೊಗಟೆಯಿಂದ ಈ ವಂಶ ಹೇಗೆ ಶುರುವಾಯಿತು, ಜ್ವರದ ಮಾತ್ರೆ ಹೃದಯದ ಮಾತ್ರೆ ಹೇಗಾಯಿತು ಎಂದೆಲ್ಲ ಹೇಳಿದೆ. ಅವರು ಶ್ರದ್ಧೆಯಿಂದ ಕೇಳಿದರು.

"ಹಾಗಾದ್ರೆ ಈಗ್ಲೂ ಜ್ವರಕ್ಕೆ ಆಗತ್ತೆ ಅನ್ನಿ."

"ಆಗದೆ ಏನು. ನಾಲ್ಕು ತುಂಡು ಸೇರಿದ್ರೆ ಒಂದು ಮಾತ್ರೆ. ಔಷಧ ಅದೇ."

ಹಿಂದೆ ನಿಂತಿದ್ದ ಸರ್ದಾರ್ಜಿ, "ಮೇಡಂಜೀ, ಹಮಾರಾ ಭೀ ನಂಬರ್ ಆಯೇಗಾ?" ಎಂದರು. ನಾನು ಮುಂದಿನ ಚೀಟಿ ತೆಗೆದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಲಿಲ್ಲ, ಗಿರಿಜಮ್ಮನವರ ಜೊತೆ ಅವರ ಮನೆಗೆ ಹೋಗಿ ಕೂತಿತು.

ಮಳೆ ನಿಂತ ಮೇಲೆ ದೆಹಲಿಗೆ ಡೆಂಗ್ಯೂ ಬಂತು. ಕೂಲರುಗಳಲ್ಲಿ ನಿಂತ ನೀರು, ಕ್ವಾರ್ಟರ್ಸಿನ ಹಿಂದಿನ ಚರಂಡಿ, ಸೊಳ್ಳೆಗಳಿಗೆ ಸರ್ಕಾರವೇ ವಸತಿ ಕಲ್ಪಿಸಿತ್ತು. ಡೆಂಗ್ಯೂನಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕಡಿಮೆಯಾಗುತ್ತವೆ. ಇರುವ ಪ್ಲೇಟ್‌ಲೆಟ್‌ಗಳ ಕೈ ಕಟ್ಟಿಹಾಕುವುದು ಆಸ್ಪಿರಿನ್ ಕೆಲಸ. ಎರಡೂ ಸೇರಿದರೆ ರಕ್ತ ನಿಲ್ಲುವುದಿಲ್ಲ. ಮಕ್ಕಳ ಜ್ವರಕ್ಕಂತೂ ಅದನ್ನು ಮೊದಲೇ ಕೊಡಬಾರದು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೂ ಸುತ್ತೋಲೆ ಬಂದಿತ್ತು. ಸಾಹೇಬರು ಅದನ್ನು ತಮ್ಮ ಕೋಣೆಯ ಒಳಗಡೆ, ಬಾಗಿಲಿನ ಹಿಂದೆ ಇಂಗ್ಲಿಷಿನಲ್ಲಿ ಅಂಟಿಸಿದರು. ಬಾಗಿಲು ಮುಚ್ಚಿದಾಗ ಸಾಹೇಬರೊಬ್ಬರಿಗೇ ಕಾಣುತ್ತಿತ್ತು. ನಾನು 'ನೋಡಿದೆ' ಎಂದು ಸಹಿ ಹಾಕಿದೆ. ಆ ಎರಡು ತಿಂಗಳು ಜ್ವರವೆಂದು ಬಂದ ಒಬ್ಬರಿಗೂ ನನ್ನ ಕೈಯಿಂದ ಆಸ್ಪಿರಿನ್ ಹೋಗಲಿಲ್ಲ, ಎಲ್ಲರಿಗೂ ಪ್ಯಾರಾಸಿಟಮಾಲ್. ಮನೆಗೆ ಹೋಗಿ ಗಂಡನ ಎದುರು ಅದನ್ನು ಹೇಳಿಕೊಂಡು ಬೀಗಿದ್ದೂ ಉಂಟು. ಈಗಾಗಲೇ ಮನೆಗಳ ಒಳಗೆ ಹೋಗಿ ಕೂತಿದ್ದ ಆಸ್ಪಿರಿನ್ ನನ್ನ ತಲೆಗೆ ಬರಲಿಲ್ಲ.

ತಿಂಗಳ ಏಳನೆಯ ತಾರೀಖು ಬೆಳಿಗ್ಗೆ ಗಿರಿಜಮ್ಮ ಕೌಂಟರಿಗೆ ಬಂದರು. ಒಂದನೆಯ ತಾರೀಖು ಮೂವತ್ತು ತುಂಡು ಕೊಟ್ಟಿದ್ದೆ.

"ಯಜಮಾನರ ತುಂಡು ಮಾತ್ರೆ ಮುಗೀತು, ವಿಮಲಾ ಅವರೇ. ಇವತ್ತಿಗೆ ಒಂದೂ ಇಲ್ಲ."

"ಆರು ದಿನಕ್ಕೆ ಮೂವತ್ತಾ? ಏನು, ನಿಮ್ಮ ಯಜಮಾನರು ಕಡ್ಲೆಬೀಜದ ಹಾಗೆ ಬಾಯಿಗೆ ಹಾಕ್ಕೋತಾರಾ?" ಎಂದು ರೇಗಿದೆ. ಸ್ಟಾಕು ನಮ್ಮಪ್ಪನ ಮನೆಯದು ಎಂಬಂತೆ ರೇಗುವುದು ನಮ್ಮ ವೃತ್ತಿಧರ್ಮ.

"ಅವರಲ್ಲಮ್ಮ. ಪಿಂಕಿಗೆ ಜ್ವರ ಬಂತು. ಜ್ಯೋತಿ ಯಾವುದೋ ಮಾತ್ರೆ ಕೊಟ್ಟು ಆಫೀಸಿಗೆ ಹೋಗ್ತಿದ್ಲು, ಜ್ವರ ಇಳೀತಾನೇ ಇರ್ಲಿಲ್ಲ. ನೀವು ಹೇಳಿದ್ರಲ್ಲ, ಅದೇ ಮಾತ್ರೆ ಅಂತ. ನಾನು ಕೊಟ್ಟೆ. ಜ್ವರವೇನೋ ಇಳೀತು. ಆದ್ರೆ ನಿನ್ನೆಯಿಂದ ವಸಡಲ್ಲಿ ರಕ್ತ, ನಿಲ್ತಾನೇ ಇಲ್ಲ. ಬೆಳಗಿನ ಜಾವ ಜ್ಯೋತಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ಲು."

ಎಷ್ಟು ಎಂದು ಕೇಳಿದೆ. ಎರಡು ದಿನ, ದಿನಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತುಂಡು. ನನ್ನ ಮಾತನ್ನು ಒಂದಕ್ಷರ ತಪ್ಪದೆ ಪಾಲಿಸಿದ್ದರು. ಕೌಂಟರ್ ಮುಚ್ಚುವ ಮುನ್ನ ಅನುಮತಿ ಪಡೆಯಬೇಕೆಂಬ ನಿಯಮವನ್ನು ಆ ಒಂದು ದಿನ ಮುರಿದೆ. ಕಿಟಕಿ ಎಳೆದು ಗಿರಿಜಮ್ಮನವರ ಕೈ ಹಿಡಿದುಕೊಂಡು ಹೊರಗೆ ಬಂದು ಆಟೊ ನಿಲ್ಲಿಸಿದೆ.

ಆಟೊದಲ್ಲಿ ಅವರಿಗೆ ವಿಷಯ ಹೇಳಿದೆ. ಆ ಮಾತ್ರೆಯಿಂದಲೇ ರಕ್ತ ನಿಲ್ಲುತ್ತಿಲ್ಲ, ಡಾಕ್ಟರಿಗೆ ಗೊತ್ತಾಗಲೇಬೇಕು ಎಂದೆ.

"ಜ್ಯೋತಿ ಎದುರಿಗೆ ಹೇಳ್ಬೇಡಿ. ಡಾಕ್ಟರ್ ಕಿವೀಲಿ ಹೇಳಿ," ಎಂದರು ಗಿರಿಜಮ್ಮ. ಆಮೇಲೆ, "ಮಗು ಉಳಿಯತ್ತಾ?" ಎಂದು ಕೇಳಿದರು.

"ಉಳಿಯತ್ತೆ," ಎಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳುವ ಅಭ್ಯಾಸ ಆಗಲೂ ಬಿಡಲಿಲ್ಲ.

ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ಮಕ್ಕಳು. ಪಿಂಕಿಯ ತುಟಿಯ ಸುತ್ತ ರಕ್ತ ಒಣಗಿತ್ತು, ಜ್ಯೋತಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನಿದ್ದೆಗೆಟ್ಟ ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ರಿಪೋರ್ಟ್ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದ. "ಪ್ಲೇಟ್‌ಲೆಟ್ ಇತನೇ ಕಮ್ ತೋ ನಹೀ ಹೈ. ಫಿರ್ ಬ್ಲೀಡಿಂಗ್ ಕ್ಯೂಂ ನಹೀ ರುಕ್ ರಹೀ?" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಪ್ಲೇಟ್‌ಲೆಟ್ ಅಷ್ಟೇನೂ ಕಡಿಮೆಯಿಲ್ಲದೆ ರಕ್ತ ಯಾಕೆ ನಿಲ್ಲುತ್ತಿಲ್ಲ ಎಂಬುದು ಅವನ ಗೊಂದಲ. ನಾನು ಬಾಯಿ ತೆರೆದೆ. ನನಗಿಂತ ಮೊದಲು ಗಿರಿಜಮ್ಮ ಮಾತಾಡಿದರು. ಕಿವಿಯಲ್ಲಲ್ಲ, ಜ್ಯೋತಿಯ ಎದುರಿಗೇ, ತಮ್ಮ ಹರಕು ಹಿಂದಿಯಲ್ಲಿ.

"ಮೈಂನೇ ದಿಯಾ. ಇಸ್ಕಾ ದಾದಾಜಿ ಕಾ ಗೋಲಿ. ಆಸ್ಪಿರಿನ್."

ಆ ಡಾಕ್ಟರ್ ಎಷ್ಟು ಕೊಟ್ಟಿರಿ, ಕೊನೆಯದು ಯಾವಾಗ ಎಂದು ಎರಡೇ ಪ್ರಶ್ನೆ ಕೇಳಿದ. ಅವರು ಸರಿಯಾಗಿ ಉತ್ತರ ಕೊಟ್ಟರು. ಅವನು ಪ್ಲೇಟ್‌ಲೆಟ್ ತರಿಸಲು ಓಡಿದ. ಜ್ಯೋತಿ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅತ್ತೆಯನ್ನು ನೋಡಿದಳು. ಆ ನೋಟಕ್ಕೆ ಅಡ್ಡ ಬಂದು, ಹೇಳಿದ್ದು ನಾನು ಎನ್ನುವುದಕ್ಕೆ ಅದು ಸರಿಯಾದ ಗಳಿಗೆಯಾಗಿತ್ತು. ಮೊದಲು ಮಗು ಹುಷಾರಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಮಗು ಹುಷಾರಾಯಿತು. ಮೂರು ದಿನ ಬೇಕಾಯಿತು. ಮೂರನೆಯ ದಿನ ರಕ್ತ ನಿಂತಿದೆ, ಇಡ್ಲಿ ಕೇಳುತ್ತಿದ್ದಾಳೆ ಎಂದು ವೆಂಕಟರಮಣಯ್ಯನವರು ಡಿಸ್ಪೆನ್ಸರಿಗೆ ಬಂದು ಹೇಳಿದಾಗ ನಾನು ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಷ್ಟು ಸಂತೋಷ ನನಗೆ ನನ್ನ ಸ್ವಂತ ಮಕ್ಕಳ ವಿಷಯದಲ್ಲೂ ಆಗಿರಲಿಲ್ಲ.

ಆದರೆ ಜ್ಯೋತಿ ಮಂತ್ರಾಲಯದಲ್ಲಿ ಡ್ರಾಫ್ಟ್ ಬರೆದು ನುರಿತವಳು. ಹೆಸರಿಲ್ಲದ ಪೊಟ್ಟಣದಲ್ಲಿ ತುಂಡು ಮಾತ್ರೆ ಕೊಟ್ಟದ್ದರ ಬಗ್ಗೆ ಎರಡು ಪುಟದ ದೂರು ಬರೆದಳು. ನ್ಯಾಯವಾದ ದೂರು. ವಿಚಾರಣೆ ಆಯಿತು. ಸಾಹೇಬರು ಅದರ ಹಿಂದಿನ ದಿನ ನನ್ನನ್ನು ಕರೆದರು.

"ಕೌಂಟರ್ ಪರ್ ಕುಛ್ ಬೋಲಾ ಥಾ ಆಪ್‌ನೇ?" ಎಂದು ಕೇಳಿದರು.

ಕೌಂಟರಿನಲ್ಲಿ ಗಿರಿಜಮ್ಮನವರಿಗೆ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಪೆನ್ನಿನ ಕ್ಯಾಪ್ ಹಾಕಿದರು. ಆಡಿದ ಮಾತಿಗೆ ರಿಜಿಸ್ಟರ್ ಇಲ್ಲ, ಮೇಡಂ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡಿ. ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡಿ. ಹೀಗೆಂದು ಹಿಂದಿಯಲ್ಲಿ ಹೇಳಿ ಚಹಾ ಕುಡಿಸಿ ಕಳಿಸಿದರು. ಅಷ್ಟು ವರ್ಷದಲ್ಲಿ ಅವರು ನನಗೆ ಕುಡಿಸಿದ ಒಂದೇ ಚಹಾ ಅದು.

ವಿಚಾರಣೆಯ ನಮೂನೆಯಲ್ಲಿ ಗಿರಿಜಮ್ಮನವರಿಗೆ ಮೂರು ಪ್ರಶ್ನೆಗಳಿದ್ದವು. ಔಷಧವನ್ನು ಮಗುವಿಗೆ ಯಾರು ಕೊಟ್ಟರು? ಎಷ್ಟು ಕೊಟ್ಟರು? ಆ ಔಷಧ ಯಾರ ಹೆಸರಿನಲ್ಲಿ ಪಡೆದದ್ದು? ನಾನು ಎದುರಿನ ಬೆಂಚಿನ ಮೇಲೆ ಕೂತಿದ್ದೆ. ಗಿರಿಜಮ್ಮ ಮೂರಕ್ಕೂ ಉತ್ತರ ಹೇಳಿ ಕನ್ನಡದಲ್ಲಿ ಸಹಿ ಹಾಕಿದರು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಆಮೇಲೆ ನನ್ನ ಸರದಿ. ಪೊಟ್ಟಣದ ಮೇಲೆ ಸೇವಿಸುವ ವಿಧಾನ ಬರೆದಿತ್ತೇ? ಬರೆದಿತ್ತು. ಮಗುವಿಗೆ ಕೊಡಲು ಚೀಟಿ ಇತ್ತೇ? ಇರಲಿಲ್ಲ. ನಾನೂ ಸಹಿ ಹಾಕಿದೆ. ಮನೆಯವರು ಸ್ವಂತ ನಿರ್ಧಾರದಿಂದ ಕೊಟ್ಟದ್ದು ಎಂದು ವರದಿ ಬಂತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇಲ್ಲಿ ಒರೆಸುವ ಕಷ್ಟವೂ ನನಗೆ ಬೀಳಲಿಲ್ಲ. ಸಾಹೇಬರು ಒರೆಸಿದರು, ನಾನು ಬಾಯಿ ಮುಚ್ಚಿಕೊಂಡೆ.

ಇದರಿಂದ ಇಲಾಖೆಗೆ ಲಾಭವಾಯಿತು. ಪೊಟ್ಟಣದ ಮೇಲೆ ಔಷಧದ ಹೆಸರು ಬರೆಯಬೇಕೆಂದು ಆದೇಶ ಬಂತು, ಆಮೇಲೆ ಪೊಟ್ಟಣವೇ ಹೋಗಿ ಸ್ಟ್ರಿಪ್ ಬಂತು, ಕಂಪ್ಯೂಟರ್ ಬಂತು. ಮೊದಲ ವರ್ಷ ಕಂಪ್ಯೂಟರಿಗೂ ನನಗೂ ಆಗುತ್ತಿರಲಿಲ್ಲ. ಅದು 'ಸ್ಟಾಕ್ ಇದೆ' ಎನ್ನುತ್ತಿತ್ತು, ಕಪಾಟು ಖಾಲಿ ಇರುತ್ತಿತ್ತು. ಆದರೂ ಬ್ಲೇಡು ಬಿಟ್ಟದ್ದು ಒಳ್ಳೆಯದಾಯಿತು. ಹಳೆಯ ಕಾಲ ಚೆನ್ನಾಗಿತ್ತು ಎಂದು ಹೇಳುವ ನಿವೃತ್ತರ ಮಾತನ್ನು ನಂಬಬೇಡಿ, ನಾನು ಅಲ್ಲೇ ಇದ್ದೆ.

ಗಿರಿಜಮ್ಮ ಮತ್ತೆ ಕೌಂಟರಿಗೆ ಬರಲಿಲ್ಲ. ತಿಂಗಳ ಒಂದನೆಯ ತಾರೀಖು ವೆಂಕಟರಮಣಯ್ಯನವರೇ ಬಂದು ಕ್ಯೂನಲ್ಲಿ ನಿಲ್ಲುತ್ತಿದ್ದರು. ಒಮ್ಮೆ ಕೇಳಿದೆ.

"ಮನೆಯವರು ಹೇಗಿದಾರೆ?"

"ಇದಾಳೆ. ಮಗೂಗೆ ಏನೂ ಕೊಡಲ್ಲಮ್ಮ ಈಗ. ಹಾಲು ಕಾಯಿಸಿ ಇಟ್ಟಿರ್ತಾಳೆ, ಲೋಟಕ್ಕೆ ಹಾಕಿ ಕೊಡೋದಕ್ಕೆ ಜ್ಯೋತಿ ಬರ್ಬೇಕು. ಜ್ಯೋತಿ ಹಾಗೆ ಅಂದಿದಾಳೆ. ಅವಳನ್ನ ತಪ್ಪು ಅನ್ನೋಕೂ ಆಗಲ್ಲ."

ನಾನು ಮಾತ್ರೆ ಎಣಿಸಿ ಕೊಟ್ಟೆ. ಮುಂದಿನ ತಿಂಗಳೂ ಎಣಿಸಿ ಕೊಟ್ಟೆ. ಮುಂದಿನ ತಿಂಗಳು ಹೇಳುತ್ತೇನೆ ಎಂದು ಎರಡು ವರ್ಷ ಎಣಿಸಿ ಕೊಟ್ಟೆ. ಆಮೇಲೆ ಜ್ಯೋತಿಯ ಗಂಡನಿಗೆ ಖಾಸಗಿ ಕಂಪನಿಯಲ್ಲಿ ಕೆಲಸವಾಗಿ ಅವರೆಲ್ಲ ಗುಡಗಾಂವ್‌ನ ಫ್ಲ್ಯಾಟಿಗೆ ಹೋದರು. ನನಗೆ ಹೇಳಲು ನಾಚಿಕೆಯಾಗುತ್ತದೆ, ಅವತ್ತು ನನಗೆ ಹಗುರ ಎನಿಸಿತು.

ದಶಕದ ಕೊನೆಗೆ ನಿವೃತ್ತಳಾದೆ. ಇನ್ನು ಕುತ್ತು ತಂದುಕೊಳ್ಳಲು ಕೆಲಸವೇ ಇಲ್ಲ ಎಂಬ ಧೈರ್ಯದಲ್ಲಿ, ವಿಳಾಸ ಹುಡುಕಿಸಿ, ಒಂದು ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಪಿಂಕಿ. ನನ್ನಷ್ಟೇ ಎತ್ತರ ಬೆಳೆದಿದ್ದಳು. "ಅಜ್ಜೀ, ಕೋಯಿ ಆಂಟಿ ಆಯೀ ಹೈಂ, ಕನ್ನಡದವರು," ಎಂದು ಕೂಗಿ ಒಳಗೆ ಹೋದಳು. ಗಿರಿಜಮ್ಮ ಸೋಫಾದ ತುದಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಕೂರಿ ಎಂದರು. ಜ್ಯೋತಿ ಚಹಾ ತಂದಳು. ಚಹಾ ಮುಟ್ಟುವ ಮೊದಲೇ ಹೇಳಿದೆ.

"ಜ್ಯೋತಿ, ಅವತ್ತು ಆ ಮಾತ್ರೆ ಜ್ವರಕ್ಕೆ ಆಗತ್ತೆ ಅಂತ, ನಾಲ್ಕು ತುಂಡು ಸೇರಿದ್ರೆ ಒಂದು ಮಾತ್ರೆ ಅಂತ ನಿಮ್ಮ ಅತ್ತೆಗೆ ಹೇಳಿದ್ದು ನಾನು. ಅವರು ಕೇಳಿದ್ರು, ನಾನು ಹೇಳಿದೆ. ಅವರ ತಪ್ಪೇನೂ ಇಲ್ಲ."

ಜ್ಯೋತಿ ನನ್ನನ್ನು ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದೇ ಹೋಗಿದ್ದೆ. ಅವಳು ತಿರುಗಿದ್ದು ಅತ್ತೆಯ ಕಡೆಗೆ.

"ಅತ್ತೆ, ಇದನ್ನ ನೀವು ಯಾಕೆ ನಂಗೆ ಹೇಳ್ಲಿಲ್ಲ?"

ಗಿರಿಜಮ್ಮ ಕೈಯಲ್ಲಿದ್ದ ಬಟಾಣಿ ಕಾಯಿ ಬಿಡಿಸಿ ಮುಗಿಸಿದರು.

"ಯಾರು ಕೊಟ್ರು ಅಂತ ಕೇಳಿದ್ರು, ಹೇಳ್ದೆ. ಎಷ್ಟು ಕೊಟ್ರಿ ಅಂತ ಕೇಳಿದ್ರು, ಹೇಳ್ದೆ. ಯಾಕೆ ಕೊಟ್ರಿ ಅಂತ ಒಂದು ಸಲ ಯಾರಾದ್ರೂ ಕೇಳಿದ್ರಾ?"

ಜ್ಯೋತಿ ತಲೆ ತಗ್ಗಿಸಿದಳು. ಅವಳು ತಗ್ಗಿಸಬೇಕಾಗಿರಲಿಲ್ಲ. ಆ ಪ್ರಶ್ನೆಯನ್ನು ಅವರಿಗೆ ಕೇಳದೇ ಇದ್ದವರಲ್ಲಿ ಉತ್ತರ ಮೊದಲ ದಿನದಿಂದಲೇ ಗೊತ್ತಿದ್ದವಳು ನಾನೊಬ್ಬಳೇ.